ವಿಂಡೋಸ್ 7 ಲ್ಯಾಪ್‌ಟಾಪಿಂದ ಹೈಪರ್-ವಿ ಸರ್ವರ್ ನೋಡ್ಕೊಳ್ಳಕ್ಕೆ ಹೋಗಿ ಕಲ್ತಿದ್ದು

ಹೋದ ವಾರ ರಾತ್ರಿ ಊಟ ಮಾಡ್ತಿರೋವಾಗ ಒಬ್ಬ ಹುಡುಗ ಫೋನ್ ಮಾಡಿದ್ದ, ನಮ್ಮ ಕಡೆಯವನೇ, ಈಗಷ್ಟೇ ಒಂದು ಸಣ್ಣ ಆಫೀಸಲ್ಲಿ ಸಿಸ್ಟಂ ಅಡ್ಮಿನ್ ಅಂತ ಸೇರ್ಕೊಂಡಿದಾನೆ. "ಅಣ್ಣಾ, ಸರ್ವರ್ ಪಿಂಗ್ ಆಗ್ತಿದೆ, ಪಾಸ್‌ವರ್ಡ್ ಸರಿ ಇದೆ, ಫೈರ್‌ವಾಲ್ ಪೂರ್ತಿ ಆಫ್ ಮಾಡಿ ನೋಡ್ದೆ, ಆದ್ರೂ ಹೈಪರ್-ವಿ ಮ್ಯಾನೇಜರ್ ಕನೆಕ್ಟೇ ಆಗ್ತಿಲ್ಲ, ಮೂರು ದಿನ ಆಯ್ತು" ಅಂದ. (ಹೈಪರ್-ವಿ ಅಂದ್ರೆ ಒಂದೇ ಸರ್ವರ್ ಒಳಗೆ ಹಲವು ಕಂಪ್ಯೂಟರ್ ಓಡ್ಸೋ ಮೈಕ್ರೋಸಾಫ್ಟಿನ ಸಾಫ್ಟ್‌ವೇರು, ಒಳಗಿನ ಒಂದೊಂದಕ್ಕೂ ವರ್ಚುವಲ್ ಮೆಷಿನ್ ಅಂತಾರೆ. ಅದನ್ನ ದೂರದಿಂದ ನೋಡ್ಕೊಳ್ಳೋ ಟೂಲೇ ಹೈಪರ್-ವಿ ಮ್ಯಾನೇಜರ್.) ನಾನು ಕೇಳಿದ್ದು ಒಂದೇ, ನೀನು ಕೂತಿರೋ ಕಂಪ್ಯೂಟರಲ್ಲಿ ಯಾವ ವಿಂಡೋಸ್ ಇದೆ ಮಾರಾಯ ಅಂತ. ಒಂದು ನಿಮಿಷ ಸುಮ್ನಿದ್ದು "7 ಅಣ್ಣಾ, ಸರ್ವರ್ ಮಾತ್ರ 2016" ಅಂದ. ಮೊದ್ಲು ಆ ಫೈರ್‌ವಾಲ್ ವಾಪಸ್ ಆನ್ ಮಾಡು, ಆಮೇಲೆ ಮಾತಾಡೋಣ ಅಂದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೀತಿದೀನಿ, ಯಾಕಂದ್ರೆ ಇದೇ ಜಾಗದಲ್ಲಿ ನಾನೂ ಹಿಂದೆ ಸಿಕ್ಕಾಕೊಂಡಿದ್ದೆ, ಆಗ ಕನ್ನಡದಲ್ಲಿ ಯಾರಾದ್ರೂ ಹೇಳಿದ್ರೆ ಎಷ್ಟೋ ನಿದ್ದೆ ಉಳೀತಿತ್ತು.

2014ರ ಮಾರ್ಚ್. ನಾನಿರೋದು ಶಿವಮೊಗ್ಗದಲ್ಲಿ, ಸಾಗರದ ಒಂದು ಅಡಿಕೆ ಮಂಡಿ ಆಫೀಸಿನ ಕಂಪ್ಯೂಟರ್ ಕೆಲಸ ನಂದೇ ಆಗಿತ್ತು. ಅವರ ಹತ್ರ ಎಲ್ಲ ಎಕ್ಸ್‌ಪಿ ಮೆಷಿನ್‌ಗಳು, ಎಕ್ಸ್‌ಪಿಗೆ ಏಪ್ರಿಲ್ 8ಕ್ಕೆ ಸಪೋರ್ಟ್ ಮುಗಿಯೋದಿತ್ತು, ಹಂಗಾಗಿ ಯಜಮಾನ್ರನ್ನ ಒಪ್ಸಿ ಒಂದು ಟವರ್ ಸರ್ವರ್ ತರಿಸಿ ಅದಕ್ಕೆ ಹೈಪರ್-ವಿ ಸರ್ವರ್ 2012 ಆರ್2 ಹಾಕ್ದೆ. ಅದು ಆಗ ಫ್ರೀ ಸಿಗ್ತಿತ್ತು, ಅದರಲ್ಲಿ ಡೆಸ್ಕ್‌ಟಾಪೇ ಇಲ್ಲ, ಲಾಗಿನ್ ಆದ್ರೆ ಒಂದು ಕಪ್ಪು ಕಮಾಂಡ್ ವಿಂಡೋ, ಪಕ್ಕದಲ್ಲಿ ಎಸ್‌ಕಾನ್ಫಿಗ್ ಅಂತ ಒಂದು ನೀಲಿ ಮೆನು, ಅಷ್ಟೇ. ಮೂರು ವರ್ಚುವಲ್ ಮೆಷಿನ್ ಮಾಡಿಟ್ಟೆ, ಒಂದು ಟ್ಯಾಲಿಗೆ, ಒಂದು ಫೈಲುಗಳಿಗೆ, ಇನ್ನೊಂದು ಅವರ ಹಳೇ ಲೆಕ್ಕದ ಪ್ರೋಗ್ರಾಂ ಇದ್ದ ಎಕ್ಸ್‌ಪಿ, ಅದನ್ನ ಇಂಟರ್ನೆಟ್ ಕೊಡದೆ ಒಳಗೇ ಬಚ್ಚಿಡೋದು ಅಂತ. ಸರ್ವರ್ ಇಟ್ಟಿದ್ದು ಮೆಟ್ಟಿಲ ಕೆಳಗಿನ ಒಂದು ಸಣ್ಣ ಕೋಣೇಲಿ, ಮಾನಿಟರ್ ಕೂಡ ಇಲ್ಲ, ಕೆಲಸ ಇದ್ದಾಗ ಪಕ್ಕದ ಟೇಬಲ್ಲಿಂದ ಎತ್ಕೊಂಡು ಬಂದು ಸಿಗಿಸ್ಬೇಕು. ಅದಕ್ಕೇ ಎಲ್ಲಾ ಮನೆಯಿಂದ ವಿಪಿಎನ್ ಮೇಲೆ ಮಾಡ್ಕೊಳ್ಳೋಣ ಅಂದ್ಕೊಂಡಿದ್ದೆ, 70 ಕಿಲೋಮೀಟರ್ ದಿನಾ ಹೋಗಿ ಬರಕ್ಕಾಗುತ್ತಾ.

ನನ್ನ ಲ್ಯಾಪ್‌ಟಾಪಲ್ಲಿ ಇದ್ದಿದ್ದು ವಿಂಡೋಸ್ 7. ಅದಕ್ಕೆ ಸರ್ವರುಗಳನ್ನ ದೂರದಿಂದ ನೋಡ್ಕೊಳ್ಳೋ ಆರ್‌ಸ್ಯಾಟ್ ಅಂತ ಒಂದು ಟೂಲ್ ಕಟ್ಟು ಇತ್ತು, 200 ಚಿಲ್ಲರೆ ಎಂಬಿ, ಅದನ್ನ ಇಳಿಸಿ ಇನ್‌ಸ್ಟಾಲ್ ಮಾಡಿ, ಆಮೇಲೆ ವಿಂಡೋಸ್ ಫೀಚರ್ಸ್ ಲಿಸ್ಟಿಗೆ ಹೋಗಿ ಹೈಪರ್-ವಿ ಟೂಲ್ಸ್ ಅಂತ ಟಿಕ್ ಬೇರೆ ಹಾಕ್ಬೇಕಿತ್ತು (ಇದನ್ನ ಮರೆತು ಟೂಲ್ ಎಲ್ಲಿ ಹೋಯ್ತು ಅಂತ ಹುಡುಕೋರು ತುಂಬಾ ಜನ). ಹೈಪರ್-ವಿ ಮ್ಯಾನೇಜರ್ ತೆಗೆದು ಸರ್ವರ್ ಹೆಸರು ಹಾಕ್ದೆ. ಸ್ವಲ್ಪ ಹೊತ್ತು ತಿರುಗಿ ತಿರುಗಿ ಆಮೇಲೆ ಕೆಂಪು ಗುರುತಿನ ಮೆಸೇಜು, ಕನೆಕ್ಟ್ ಆಗಕ್ಕಾಗ್ಲಿಲ್ಲ, ಅಲ್ಲಿ ಸರ್ವಿಸ್ ಓಡ್ತಿದೆಯಾ ನೋಡು, ನಿಂಗೆ ಪರ್ಮಿಷನ್ ಇದೆಯಾ ನೋಡು, ಅಂತ.

ಈ ಮೆಸೇಜೇ ನಮ್ಮನ್ನ ದಾರಿ ತಪ್ಪಿಸೋದು. ಪರ್ಮಿಷನ್ ನೋಡು ಅಂದ್ರೆ ಯಾರಾದ್ರೂ ಪರ್ಮಿಷನ್ನೇ ನೋಡ್ತಾರೆ. ನಾನೂ ಅದನ್ನೇ ಹಿಡ್ಕೊಂಡೆ. ಮಂಡಿಲಿ ಡೊಮೇನ್ ಇಲ್ಲ (ಅಂದ್ರೆ ಎಲ್ಲಾ ಯೂಸರುಗಳನ್ನ ಒಂದೇ ಕಡೆಯಿಂದ ನೋಡ್ಕೊಳ್ಳೋ ವ್ಯವಸ್ಥೆ), ಎಲ್ಲಾ ವರ್ಕ್‌ಗ್ರೂಪು, ಒಂದೊಂದು ಮೆಷಿನ್ನಿಗೂ ಅದರದೇ ಯೂಸರು, ಹಂಗಾಗಿ ಎರಡೂ ಕಡೆ ಒಂದೇ ಯೂಸರ್ ಒಂದೇ ಪಾಸ್‌ವರ್ಡ್ ಮಾಡ್ದೆ. ಹೋಸ್ಟ್ಸ್ ಫೈಲಲ್ಲಿ ಸರ್ವರ್ ಹೆಸರು ಬರ್ದೆ. ಮೈಕ್ರೋಸಾಫ್ಟಲ್ಲೇ ಕೆಲಸ ಮಾಡ್ತಿದ್ದ ಜಾನ್ ಹೋವರ್ಡ್ ಅನ್ನೋರು ಎಚ್‌ವಿ-ರಿಮೋಟ್ ಅಂತ ಒಂದು ಸ್ಕ್ರಿಪ್ಟ್ ಬರೆದಿದ್ರು, 2008ರಿಂದ ಎಷ್ಟೋ ಅಡ್ಮಿನ್‌ಗಳನ್ನ ಕಾಪಾಡಿದ ಸ್ಕ್ರಿಪ್ಟು ಅದು, ಸರ್ವರ್ ಕಡೆ ಯಾವ್ಯಾವ ಪರ್ಮಿಷನ್ ಬೇಕೋ ಅದನ್ನೆಲ್ಲ ಒಂದೇ ಕಮಾಂಡಲ್ಲಿ ಕೂರ್ಸುತ್ತೆ, ಅದನ್ನೂ ಓಡಿಸ್ದೆ. ಲ್ಯಾಪ್‌ಟಾಪ್ ಕಡೆ ಕಾಂಪೊನೆಂಟ್ ಸರ್ವಿಸಸ್ ತೆಗೆದು, ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಾಮ್ ಸೆಕ್ಯುರಿಟಿ, ಆಕ್ಸೆಸ್ ಪರ್ಮಿಷನ್ಸ್ ಕೆಳಗೆ ಎಡಿಟ್ ಲಿಮಿಟ್ಸ್, ಅಲ್ಲಿ ಅನಾನಿಮಸ್ ಲಾಗನ್ ಅನ್ನೋದಕ್ಕೆ ರಿಮೋಟ್ ಆಕ್ಸೆಸ್ ಟಿಕ್. ಇಷ್ಟೆಲ್ಲ ಮಾಡಿ ರೀಸ್ಟಾರ್ಟ್ ಮಾಡಿ ಮತ್ತೆ ತೆಗೆದ್ರೆ ಅದೇ ಮೆಸೇಜು. ಎರಡು ರಾತ್ರಿ ಹಿಂಗೇ ಹೋಯ್ತು. ಮೂರನೇ ದಿನ ಬೆಳಗ್ಗೆ ಬಸ್ ಹತ್ತಿ ಸಾಗರಕ್ಕೇ ಹೋಗಿ ಸರ್ವರ್ ಮುಂದೆ ಕೂತು ನೋಡಿದ್ರೆ ಅಲ್ಲಿ ಎಲ್ಲಾ ಸರಿಯಾಗೇ ಇತ್ತು.

ವಿಷಯ ಏನಂದ್ರೆ, ಹೈಪರ್-ವಿ ಮ್ಯಾನೇಜರ್ ಅನ್ನೋದು ಬರೀ ಮುಖ, ಅದು ಸರ್ವರ್ ಜೊತೆ ಮಾತಾಡೋದು ಡಬ್ಲ್ಯುಎಂಐ ಅನ್ನೋ ದಾರಿಲಿ, ಆ ದಾರಿಗೆ ಒಂದು ವಿಳಾಸ ಇರುತ್ತೆ. 2008 ಮತ್ತೆ 2008 ಆರ್2 ಕಾಲದಲ್ಲಿ ಆ ವಿಳಾಸ ರೂಟ್ ಕೆಳಗೆ ವರ್ಚುವಲೈಸೇಶನ್ ಅಂತ ಇತ್ತು. ಸರ್ವರ್ 2012ರಲ್ಲಿ ಅದರ ಕೆಳಗೇ ವಿ2 ಅಂತ ಹೊಸ ವಿಳಾಸ ಮಾಡಿದ್ರು, ಹಳೇದನ್ನ ಇನ್ಮೇಲೆ ಬಳಸ್ಬೇಡಿ ಅಂತ ಹೇಳಿ ಸದ್ಯಕ್ಕೆ ಉಳಿಸ್ಕೊಂಡಿದ್ರು. 2012 ಆರ್2 ಬರೋ ಹೊತ್ತಿಗೆ ಹಳೇದನ್ನ ಪೂರ್ತಿ ತೆಗೆದ್ರು. ವಿಂಡೋಸ್ 7ರ ಹೈಪರ್-ವಿ ಮ್ಯಾನೇಜರ್‌ಗೆ ಗೊತ್ತಿರೋದು ಆ ಹಳೇ ವಿಳಾಸ ಒಂದೇ. ಅದು ಹೋಗಿ ಬಾಗಿಲು ತಟ್ಟುತ್ತೆ, ಆ ಮನೇನೇ ಅಲ್ಲಿಲ್ಲ, ವಾಪಸ್ ಬಂದು ಯಾರೂ ಬಾಗಿಲು ತೆಗೀಲಿಲ್ಲ ಅಂತ ನಮಗೆ ಹೇಳುತ್ತೆ. ಮನೆ ಇಲ್ಲ ಅನ್ನೋದಕ್ಕೂ ಬಾಗಿಲು ತೆಗೀಲಿಲ್ಲ ಅನ್ನೋದಕ್ಕೂ ಅದಕ್ಕೆ ವ್ಯತ್ಯಾಸ ಗೊತ್ತಿಲ್ಲ. ಹಂಗಿದ್ಮೇಲೆ ನಾವು ಎಷ್ಟು ಪರ್ಮಿಷನ್ ಕೊಟ್ರೂ ಏನು ಬಂತು.

ಉಲ್ಟಾ ಕಥೆಯೂ ಹಂಗೇ. ವಿಂಡೋಸ್ 8 ಮತ್ತೆ 8.1ರ ಮ್ಯಾನೇಜರ್‌ಗೆ ವಿ2 ಮಾತ್ರ ಬರುತ್ತೆ, ಹಂಗಾಗಿ ಅದರಿಂದ 2008 ಆರ್2 ಸರ್ವರನ್ನ ನೋಡಕ್ಕಾಗಲ್ಲ. ನನಗೆ ಆಗ ಶಿವಮೊಗ್ಗದಲ್ಲೇ ಇನ್ನೊಂದು ಕಡೆ 2008 ಆರ್2 ಹೈಪರ್-ವಿ ಇತ್ತು, ಅದು ನನ್ನ 7ರಿಂದ ಚೆನ್ನಾಗಿ ಓಡ್ತಿತ್ತು, ಅದಕ್ಕೇ ನಂಗೆ ಟೂಲ್ ಮೇಲೆ ಅನುಮಾನವೇ ಬಂದಿರ್ಲಿಲ್ಲ. ಅಲ್ಲಿ ಓಡುತ್ತೆ ಇಲ್ಲಿ ಓಡಲ್ಲ ಅಂದ್ರೆ ತಪ್ಪು ಇಲ್ಲಿನ ಸರ್ವರಲ್ಲೇ ಇದೆ ಅಂತ ಮನಸ್ಸು ತೀರ್ಮಾನ ಮಾಡಿಬಿಟ್ಟಿತ್ತು. ಎರಡೂ ಗಿರಾಕಿಗಳನ್ನ ನೋಡ್ಕೊಳ್ಳಕ್ಕೆ ಎರಡು ವಿಂಡೋಸ್ ಬೇಕು ಅಂತ ಯಾರಿಗೆ ತಾನೇ ತಕ್ಷಣ ಹೊಳೆಯುತ್ತೆ?

ಆದ್ರೆ ಅವತ್ತು ಸಾಗರದಿಂದ ವಾಪಸ್ ಬಂದ ರಾತ್ರಿ ಒಂದು ವಿಷಯ ಸಿಕ್ತು, ಅದು ನನ್ನ ಇಡೀ ಕೆಲಸದ ರೀತಿಯನ್ನೇ ಬದಲಾಯ್ಸಿತು ಅಂತ ಹೇಳ್ಬೋದು. ಅದೇ ವಿಂಡೋಸ್ 7, ಅದೇ ಲ್ಯಾಪ್‌ಟಾಪು, ಅದರಲ್ಲಿ ಪವರ್‌ಶೆಲ್ 2.0 (ಕಮಾಂಡ್ ಬರೆದು ಕೆಲಸ ಮಾಡ್ಸೋ ಟೂಲು) ಮೊದಲಿಂದ ಇರುತ್ತೆ. ದೂರದ ಮೆಷಿನ್ನಲ್ಲಿ ಕಮಾಂಡ್ ಓಡಿಸಕ್ಕೆ ಬೇಕಾದ ವಿನ್‌ಆರ್‌ಎಂ ಸರ್ವಿಸ್ ಸ್ಟಾರ್ಟ್ ಮಾಡಿ, ಟ್ರಸ್ಟೆಡ್ ಹೋಸ್ಟ್ಸ್ ಅನ್ನೋ ನಂಬಿಕೆಯ ಲಿಸ್ಟಿಗೆ ಸರ್ವರ್ ಹೆಸರು ಸೇರ್ಸಿ (ಎಲ್ಲರೂ ನಕ್ಷತ್ರ ಚಿಹ್ನೆ ಹಾಕಿಬಿಡ್ತಾರೆ, ದಯವಿಟ್ಟು ಬೇಡ, ನಿಮ್ಮ ಸರ್ವರ್ ಹೆಸರೊಂದೇ ಹಾಕಿ), ಎಂಟರ್-ಪಿಎಸ್‌ಸೆಷನ್ ಅಂತ ಕೊಟ್ಟೆ. ಪಾಸ್‌ವರ್ಡ್ ಕೇಳ್ತು. ಕೊಟ್ಟೆ. ನೀಲಿ ಪರದೆ ಮೇಲೆ ಸಾಲಿನ ಶುರುವಿಗೇ ಚೌಕ ಬ್ರಾಕೆಟ್ ಒಳಗೆ ಸರ್ವರ್ ಹೆಸರು ಬಂತು. ಗೆಟ್-ವಿಎಂ ಅಂತ ಹೊಡ್ದೆ. ಎರಡು ಸೆಕೆಂಡ್ ಬಿಟ್ಟು ಮೂರು ಸಾಲು ಬಂತು, ಮೂರು ಮೆಷಿನ್ನಿನ ಹೆಸರು, ಪಕ್ಕದಲ್ಲಿ ರನ್ನಿಂಗ್ ಅಂತ, ಎಷ್ಟು ಮೆಮೊರಿ ತಗೊಂಡಿದೆ, ಎಷ್ಟು ಹೊತ್ತಿಂದ ಓಡ್ತಿದೆ ಎಲ್ಲಾ. ಮೂರು ದಿನ ಬಾಗಿಲು ತೆಗೀದೇ ಇದ್ದ ಸರ್ವರು, ಇನ್ನೊಂದು ಬಾಗಿಲಿಂದ ಹೋದ್ರೆ ಮನೆಯವನ ಥರ ಒಳಗೆ ಕರ್ಕೊಳ್ತು.

ಯಾಕೆ ಹಿಂಗೆ ಅಂದ್ರೆ, ಎಂಟರ್-ಪಿಎಸ್‌ಸೆಷನ್ ಮಾಡಿದ್ಮೇಲೆ ನಾವು ಹೊಡೆಯೋ ಕಮಾಂಡು ನಮ್ಮ ಲ್ಯಾಪ್‌ಟಾಪಲ್ಲಿ ಓಡಲ್ಲ, ಸರ್ವರ್ ಒಳಗೇ, ಸರ್ವರಿಂದೇ ಮಾಡ್ಯೂಲ್ (ಕಮಾಂಡುಗಳ ಕಟ್ಟು) ಇಟ್ಕೊಂಡು ಓಡುತ್ತೆ. ನಮ್ಮ ಕಡೆಯಿಂದ ಹೋಗೋದು ಬರೀ ಅಕ್ಷರ, ಬರೋದು ಬರೀ ಉತ್ತರ. ನನ್ನ 7ಕ್ಕೆ ಹಳೇ ವಿಳಾಸ ಗೊತ್ತಾ ವಿ2 ಗೊತ್ತಾ ಅನ್ನೋ ಪ್ರಶ್ನೆನೇ ಬರಲ್ಲ. ಅವತ್ತಿಂದ ಯಾವ ರಿಮೋಟ್ ಟೂಲ್ ನೋಡಿದ್ರೂ ನಾನು ಮೊದ್ಲು ಕೇಳ್ಕೊಳ್ಳೋದು ಇಷ್ಟೇ, ಇದರ ತಲೆ ಎಲ್ಲಿದೆ, ನಮ್ಮ ಕಡೆಯಾ ಸರ್ವರ್ ಕಡೆಯಾ. ತಲೆ ನಮ್ಮ ಕಡೆ ಇದ್ರೆ ಎರಡೂ ಕಡೆ ವರ್ಷನ್ ಹೊಂದಲೇಬೇಕು. ತಲೆ ಸರ್ವರ್ ಕಡೆ ಇದ್ರೆ ನಮ್ಮದು ಬರೀ ಕಿಟಕಿ, ಕಿಟಕಿ ಸ್ವಲ್ಪ ಹಳೇದಾದ್ರೂ ನಡೆಯುತ್ತೆ.

ಹಾಗಂತ ಪೂರ್ತಿ ಪವರ್‌ಶೆಲ್ಲಲ್ಲೇ ಜೀವನ ಮಾಡಕ್ಕಾಗ್ಲಿಲ್ಲ. ವರ್ಚುವಲ್ ಮೆಷಿನ್ ಬೂಟ್ ಆಗ್ದೇ ನಿಂತಾಗ ಅದರ ಪರದೇನ ಕಣ್ಣಲ್ಲಿ ನೋಡ್ಲೇಬೇಕು, ಅದಕ್ಕೆ ಮ್ಯಾನೇಜರ್ ಜೊತೆ ಬರೋ ವಿಎಂ-ಕನೆಕ್ಟ್ ಬೇಕು. ಹಂಗಾಗಿ ಲ್ಯಾಪ್‌ಟಾಪಿಗೆ 8.1 ಪ್ರೊ ಹಾಕಿಸ್ಕೊಂಡೆ. ಅದು ಕೋರ್ 2 ಡ್ಯುಯೋ ಪ್ರೊಸೆಸರು, ಅದಕ್ಕೆ ಸ್ಲಾಟ್ (SLAT, ವರ್ಚುವಲ್ ಮೆಷಿನ್‌ಗಳ ಮೆಮೊರಿ ನೋಡ್ಕೊಳ್ಳಕ್ಕೆ ಪ್ರೊಸೆಸರ್ ಮಾಡೋ ಸಹಾಯ) ಅನ್ನೋ ಸೌಲಭ್ಯ ಇಲ್ಲ, ಹಂಗಾಗಿ ಹೈಪರ್-ವಿನ ಲ್ಯಾಪ್‌ಟಾಪಲ್ಲೇ ಓಡ್ಸಕ್ಕಾಗಲ್ಲ, ಫೀಚರ್ಸ್ ಲಿಸ್ಟಲ್ಲಿ ಪ್ಲಾಟ್‌ಫಾರಂ ಅನ್ನೋ ಸಾಲು ಬೂದು ಬಣ್ಣಕ್ಕೆ ತಿರುಗಿರುತ್ತೆ. ಅದನ್ನ ನೋಡಿ ನನ್ನ ಮೆಷಿನ್ನಿಗೆ ಏನೂ ಆಗಲ್ಲ ಅಂತ ಬಿಟ್ಟುಬಿಡೋರು ಇದಾರೆ. ಅದರ ಮೇಲಿನ ಸಾಲು ನೋಡಿ, ಮ್ಯಾನೇಜ್‌ಮೆಂಟ್ ಟೂಲ್ಸ್ ಅಂತ ಬೇರೆಯೇ ಇರುತ್ತೆ, ಅದಕ್ಕೆ ಸ್ಲಾಟ್ ಬೇಡ, ಹಳೇ ಪ್ರೊಸೆಸರಲ್ಲೂ ಟಿಕ್ ಆಗುತ್ತೆ. ಇನ್ನೊಂದು, 8ರಿಂದ ಈಚೆಗೆ ಈ ಟೂಲ್ ಆರ್‌ಸ್ಯಾಟಲ್ಲಿ ಹುಡುಕ್ಬೇಡಿ, ವಿಂಡೋಸ್ ಒಳಗೇ ಬರುತ್ತೆ, ಆದ್ರೆ ಪ್ರೊ ಇರ್ಬೇಕು, ಹೋಮ್ ಎಡಿಷನ್ನಲ್ಲಿ ಇಲ್ಲ.

8.1 ಹಾಕಿದ ದಿನ ಮ್ಯಾನೇಜರ್ ತೆಗೆದ್ರೆ ಮೂರೂ ಮೆಷಿನ್ ಕಂಡ್ವು, ಆದ್ರೆ ಡಬಲ್ ಕ್ಲಿಕ್ ಮಾಡಿದ್ರೆ ಪರದೆ ಮಾತ್ರ ಬರಲ್ಲ. ಅದು ವರ್ಷನ್ ತಕರಾರಲ್ಲ. ವಿಎಂ-ಕನೆಕ್ಟ್ ಓಡೋದು 2179 ಅನ್ನೋ ಪೋರ್ಟಲ್ಲಿ (ಪೋರ್ಟ್ ಅಂದ್ರೆ ನೆಟ್‌ವರ್ಕಿನ ನಂಬರ್ ಹಾಕಿದ ಬಾಗಿಲು), ಮ್ಯಾನೇಜರ್ ಓಡೋದು ಆರ್‌ಪಿಸಿ ಅನ್ನೋ ಇನ್ನೊಂದು ದಾರಿಲಿ, ಅಂದ್ರೆ 135 ಮತ್ತೆ ಅದರ ಜೊತೆ 49152ರ ಮೇಲಿನ ಯಾವುದೋ ಒಂದು. ನಾನು ವಿಪಿಎನ್‌ನಲ್ಲಿ 2179 ಬಿಟ್ಟಿರ್ಲಿಲ್ಲ. ಬಿಟ್ಟೆ, ಬಂತು.

ನಾಲ್ಕು ವರ್ಷ ನೆಮ್ಮದಿಯಾಗಿತ್ತು. ಆಮೇಲೆ 2018ರ ಮೇ ತಿಂಗಳು. ಆ ಶನಿವಾರ 12ನೇ ತಾರೀಕು ವಿಧಾನಸಭೆ ಎಲೆಕ್ಷನ್ನು, ಅದಕ್ಕೆ ಎರಡು ದಿನ ಮುಂಚೆ ಬೆಳಗ್ಗೆ ಒಂಬತ್ತೂವರೆಗೆ ಮಂಡಿಯ ಲೆಕ್ಕ ನೋಡೋ ಹಿರಿಯರು ಫೋನ್ ಮಾಡಿದ್ರು. "ಏ ಮಾರಾಯ, ಒಬ್ಬರಿಗೂ ಟ್ಯಾಲಿ ತೆಗೀತಿಲ್ಲ. ಏನೋ ಇಂಗ್ಲಿಷಲ್ಲಿ ಬರ್ತು, ಒರಾಕಲ್ ಅಂತೆ. ನಾವು ಒರಾಕಲ್ ಯಾವಾಗ ಹಾಕಿದ್ದು?" ನಾನು "ಅಣ್ಣಾ, ಎಲ್ಲಾ ಕಂಪ್ಯೂಟರಲ್ಲೂ ಹಿಂಗೇನಾ" ಅಂದೆ. "ಇಲ್ಲ, ಆ ಮೂಲೇಲಿರೋ ಹಳೇ ಡಬ್ಬದಲ್ಲಿ ಮಾತ್ರ ತೆಗೀತು. ಹೊಸ ನಾಲ್ಕೂ ಇಲ್ಲ" ಅಂದ್ರು. ಆ ಹಳೇ ಡಬ್ಬ ಅಂದ್ರೆ ವಿಂಡೋಸ್ 7, ಅಪ್‌ಡೇಟ್ ಆಗಿ ಎಷ್ಟು ಕಾಲ ಆಗಿತ್ತೋ. ಹೊಸ ನಾಲ್ಕು ವಿಂಡೋಸ್ 10.

ಇದು ಮೊದಲಿನ ಕಥೆಯ ತಿರುಗುಮುರುಗು. ಅವರು ಟ್ಯಾಲಿ ತೆಗೀತಿದ್ದಿದ್ದು ಸರ್ವರ್ ಒಳಗಿನ ಟ್ಯಾಲಿ ಮೆಷಿನ್ನಿಗೆ ರಿಮೋಟ್ ಡೆಸ್ಕ್‌ಟಾಪಲ್ಲಿ ಹೋಗಿ. ಒರಾಕಲ್ ಅಂತ ಬಂದಿದ್ದು ಆ ಡೇಟಾಬೇಸ್ ಕಂಪನಿ ಅಲ್ಲ, ಕೆಳಗೆ ಹೇಳೋ ಸೆಟ್ಟಿಂಗಿನ ಹೆಸರಲ್ಲಿರೋ ಪದ. ರಿಮೋಟ್ ಡೆಸ್ಕ್‌ಟಾಪಲ್ಲಿ ಪಾಸ್‌ವರ್ಡ್ ಆ ಕಡೆಗೆ ಕಳ್ಸೋ ಪದ್ಧತಿಗೆ ಕ್ರೆಡ್‌ಎಸ್‌ಎಸ್‌ಪಿ ಅಂತಾರೆ. ಅದರಲ್ಲಿ ಒಂದು ದೊಡ್ಡ ತೂತು ಸಿಕ್ಕಿತ್ತು, ನಡುವೆ ಕೂತವನು ನಮ್ಮ ಲಾಗಿನ್ ಬಳಸ್ಕೊಂಡು ಸರ್ವರಲ್ಲಿ ತನ್ನ ಕಮಾಂಡ್ ಓಡಿಸ್ಬೋದಾಗಿತ್ತು. ಮಾರ್ಚಲ್ಲಿ ಪ್ಯಾಚ್ ಬಂತು, ಆದ್ರೆ ಆಗ ಕಡ್ಡಾಯ ಅಂತಿರ್ಲಿಲ್ಲ. ಮೇ 8ರ ಅಪ್‌ಡೇಟ್ ಬಂದ್ಮೇಲೆ, ಪ್ಯಾಚ್ ಆದ ಕಂಪ್ಯೂಟರು ಪ್ಯಾಚ್ ಆಗ್ದೇ ಇರೋ ಸರ್ವರ್ ಜೊತೆ ಮಾತಾಡಲ್ಲ ಅನ್ನೋದೇ ಡಿಫಾಲ್ಟ್ ಆಯ್ತು. ಮಂಡಿಯ ವಿಂಡೋಸ್ 10 ಮೆಷಿನ್‌ಗಳು ತಾವಾಗೇ ಅಪ್‌ಡೇಟ್ ತಗೊಂಡಿದ್ವು, ಸರ್ವರಲ್ಲಿ ಅಪ್‌ಡೇಟ್ ನಾನೇ ನಿಲ್ಲಿಸಿಟ್ಟಿದ್ದೆ, ಸೀಸನ್ ಮಧ್ಯೆ ರೀಸ್ಟಾರ್ಟ್ ಆಗ್ಬಾರ್ದು ಅಂತ. ಎರಡೂ ಹಳೇದಾಗಿದ್ದ ಕಡೆ ಮಾತ್ರ ಕನೆಕ್ಟ್ ಆಗ್ತಿತ್ತು, ಅದಕ್ಕೇ ಮೂಲೆಯ ಡಬ್ಬ ಗೆದ್ದಿದ್ದು. ನನ್ನ ಲ್ಯಾಪ್‌ಟಾಪಲ್ಲೂ ಆ ಹೊತ್ತಿಗೆ 10 ಇತ್ತು, ವಿಎಂ-ಕನೆಕ್ಟ್ ಕೂಡ ಅದೇ ಕ್ರೆಡ್‌ಎಸ್‌ಎಸ್‌ಪಿನೇ ಬಳಸೋದು, ಹಂಗಾಗಿ ನಂಗೂ ಪರದೆ ಬಂದ್.

ಒಂದು ತಾತ್ಕಾಲಿಕ ದಾರಿ ಇದೆ, ಕಂಪ್ಯೂಟರ್ ಕಡೆ ಪಾಲಿಸಿಲಿ ವಲ್ನರಬಲ್ ಅಂತ ಸೆಟ್ ಮಾಡಿದ್ರೆ ಹಳೇ ಸರ್ವರಿಗೂ ಬಿಡುತ್ತೆ. ಅವತ್ತು ಬೆಳಗ್ಗೆ ಎರಡು ಮೆಷಿನ್ನಿಗೆ ಫೋನಲ್ಲೇ ಹೇಳ್ಕೊಟ್ಟು ಅದನ್ನೇ ಮಾಡ್ಸಿದೆ, ಯಾಕಂದ್ರೆ ರೈತರು ಬಿಲ್ಲಿಗೆ ಕಾಯ್ತಾ ನಿಂತಿದ್ರು. ಮಧ್ಯಾಹ್ನ ಗಾಡಿ ತಗೊಂಡು ಹೋದೆ. ಸಂಜೆ ಮಂಡಿ ಮುಚ್ಚಿದ್ಮೇಲೆ ಎಸ್‌ಕಾನ್ಫಿಗ್ ಮೆನುವಲ್ಲಿ 6 ಒತ್ತಿ ಅಪ್‌ಡೇಟ್ ಇಳಿಸಕ್ಕೆ ಬಿಟ್ಟೆ, ಒಳಗಿನ ಟ್ಯಾಲಿ ಮೆಷಿನ್ನಿಗೂ ಬೇರೆ ಹಾಕ್ದೆ, ಯಾಕಂದ್ರೆ ಹೋಸ್ಟಿಗೆ (ಹೊರಗಿನ ಸರ್ವರಿಗೆ) ಹಾಕಿದ್ರೆ ಒಳಗಿನ ಮೆಷಿನ್ನಿಗೆ ಹಾಕಿದಂಗಲ್ಲ, ಇವೆರಡೂ ಬೇರೆ ಬೇರೆ ವಿಂಡೋಸ್. ರಾತ್ರಿ ಹನ್ನೊಂದಕ್ಕೆ ಮುಗೀತು. ಮುಗಿಸಿ ಆ ಎರಡು ಮೆಷಿನ್ನಲ್ಲಿ ಮಾಡ್ಸಿದ್ದ ವಲ್ನರಬಲ್ ಸೆಟ್ಟಿಂಗನ್ನ ನಾನೇ ಕೈಯಾರೆ ತೆಗೆದು, ನಾಲ್ಕೂ ಮೆಷಿನ್ನಿಂದ ಒಂದ್ಸಲ ಲಾಗಿನ್ ಆಗಿ ನೋಡಿ ಆಮೇಲೆ ಹೊರಟೆ. ಇದನ್ನ ಒತ್ತಿ ಹೇಳ್ತಿದೀನಿ, ಯಾಕಂದ್ರೆ ಅವತ್ತು ಹಾಕಿದ ಆ ಸೆಟ್ಟಿಂಗ್ ಇವತ್ತಿಗೂ ಹಂಗೇ ಇರೋ ಆಫೀಸುಗಳನ್ನ ನಾನು ಕಣ್ಣಾರೆ ನೋಡಿದೀನಿ. ಕೆಲಸ ಆಗ್ತಿದೆ ಅಂತ ಯಾರೂ ತಿರುಗಿ ನೋಡಿಲ್ಲ. ನಿಮ್ಮ ಆಫೀಸಲ್ಲಿ ಆ ಸಮಯದ ಮೆಷಿನ್ ಇದ್ರೆ ಗ್ರೂಪ್ ಪಾಲಿಸಿಲಿ ಕ್ರೆಡೆನ್ಶಿಯಲ್ಸ್ ಡೆಲಿಗೇಷನ್ ಕೆಳಗೆ ಎನ್‌ಕ್ರಿಪ್ಷನ್ ಒರಾಕಲ್ ರೆಮಿಡಿಯೇಷನ್ ಅನ್ನೋ ಸಾಲನ್ನ ದಯವಿಟ್ಟು ಒಂದ್ಸಲ ತೆಗೆದು ನೋಡಿ.

ಇಲ್ಲಿ ಇನ್ನೊಂದು ಮಾತು. ಪರದೆ ಬಂದ್ ಆಗಿದ್ದ ಆ ಬೆಳಗ್ಗೆಯೂ ಎಂಟರ್-ಪಿಎಸ್‌ಸೆಷನ್ ಓಡ್ತಿತ್ತು, ಅದು ಮಾಮೂಲಿಯಾಗಿ ಕ್ರೆಡ್‌ಎಸ್‌ಎಸ್‌ಪಿ ಬಳಸಲ್ಲ. ಸರ್ವರ್ ಜೀವಂತ ಇದೆ, ಮೆಷಿನ್‌ಗಳು ಓಡ್ತಿವೆ ಅಂತ ಗೊತ್ತಾಗಿದ್ದೇ ಅದರಿಂದ, ಇಲ್ದಿದ್ರೆ ಎಲ್ಲಾ ಮೆಷಿನ್ ಆಫ್ ಮಾಡಿ ಆನ್ ಮಾಡಿ ಅಂತ ಹೇಳಿ ಇನ್ನೊಂದು ಅನಾಹುತ ಮಾಡ್ತಿದ್ನೇನೋ.

ವಿಂಡೋಸ್ 10 ಬಂದ್ಮೇಲೆ ಮ್ಯಾನೇಜರ್ ವಿಷಯದಲ್ಲಿ ಎಷ್ಟೋ ಸುಧಾರಿಸ್ತು, ಅದನ್ನೂ ಹೇಳ್ಬೇಕು. ಅದರ ಹೈಪರ್-ವಿ ಮ್ಯಾನೇಜರಿಂದ 2012, 2012 ಆರ್2, 2016 ಮೂರನ್ನೂ ನೋಡ್ಬೋದು, ಬೇರೆ ಯೂಸರ್ ಹೆಸರಲ್ಲಿ ಕನೆಕ್ಟ್ ಆಗೋದೂ ಬಂತು. ಪವರ್‌ಶೆಲ್ಲಲ್ಲಿ ಮಾತ್ರ ಒಂದು ಗಂಟಿದೆ, 10ರ ಒಳಗೆ ಹೈಪರ್-ವಿ ಮಾಡ್ಯೂಲ್ ಎರಡು ಇರುತ್ತೆ, 1.1 ಮತ್ತೆ 2.0, ನಿಮ್ಮ ಮೆಷಿನ್ನಲ್ಲಿ ಕೂತೇ ಸರ್ವರ್ ಹೆಸರು ಕೊಟ್ಟು ಗೆಟ್-ವಿಎಂ ಹೊಡೆದ್ರೆ ಅದು 2.0ನ ಎತ್ಕೊಳ್ಳುತ್ತೆ, ಅದಕ್ಕೆ 2012 ಆರ್2 ಹೊಂದಲ್ಲ, ಎರರ್ ಬರುತ್ತೆ. ಇಂಪೋರ್ಟ್-ಮಾಡ್ಯೂಲ್ ಮಾಡೋವಾಗ ರಿಕ್ವೈರ್ಡ್ ವರ್ಷನ್ 1.1 ಅಂತ ಕೊಟ್ರೆ ಸರಿಯಾಗುತ್ತೆ. ಇಲ್ಲೂ ಅದೇ ನೋಡಿ, ತಲೆ ನಮ್ಮ ಕಡೆ ಇದ್ದಾಗ ತಕರಾರು, ಸೆಷನ್ ಒಳಗೆ ಹೋಗಿ ಅದೇ ಗೆಟ್-ವಿಎಂ ಹೊಡೆದ್ರೆ ಏನೂ ಇಲ್ಲ.

2020ರ ಶುರುವಿಗೆ ಆ ಸರ್ವರ್ ಬದಲಾಯ್ಸಿ ಹೈಪರ್-ವಿ ಸರ್ವರ್ 2019 ಹಾಕ್ದೆ, ಫ್ರೀ ಕೊಟ್ಟಿದ್ದರಲ್ಲಿ ಅದೇ ಕೊನೇದು. ಮೆಷಿನ್‌ಗಳನ್ನ ಎಕ್ಸ್‌ಪೋರ್ಟ್ ಮಾಡಿ ತಂದು ಇಂಪೋರ್ಟ್ ಮಾಡ್ದೆ. ಪ್ರತಿ ವರ್ಚುವಲ್ ಮೆಷಿನ್ನಿಗೂ ಒಂದು ಕಾನ್ಫಿಗರೇಷನ್ ವರ್ಷನ್ ಇರುತ್ತೆ, 2012 ಆರ್2ದು 5.0, 2016ದು 8.0, 2019ದು 9.0. 2019ರಲ್ಲಿ 5.0 ಹಂಗೇ ಓಡುತ್ತೆ, ಮೇಲಕ್ಕೆ ಎತ್ತೋ ಕಮಾಂಡ್ ಇದೆ, ಆದ್ರೆ ಒಂದ್ಸಲ ಎತ್ತಿದ್ರೆ ಕೆಳಗೆ ಇಳಿಯಲ್ಲ, ಹಳೇ ಸರ್ವರಿಗೆ ವಾಪಸ್ ಹೋಗೋ ದಾರಿ ಮುಚ್ಚಿತು. ಆ ಕಮಾಂಡನ್ನ ನಾನು ತಕ್ಷಣ ಕೊಡ್ಲಿಲ್ಲ, ಹಳೇ ಸರ್ವರನ್ನ ಪಕ್ಕದಲ್ಲೇ ಇಟ್ಟು ಮಾರ್ಚ್ ಲೆಕ್ಕ ಮುಗೀಲಿ ಆಮೇಲೆ ನೋಡೋಣ ಅಂತ ಬಿಟ್ಟೆ. ಮಾರ್ಚ್ ಮುಗಿಯೋ ಮುಂಚೆ ಲಾಕ್‌ಡೌನ್ ಬಂತು. ಸಾಗರಕ್ಕೆ ಹೋಗೋದೇ ಆಗ್ಲಿಲ್ಲ. ಅದೃಷ್ಟಕ್ಕೆ ಫೆಬ್ರವರಿಲೇ ಆಫೀಸಿನ ಒಂದು ವಿಂಡೋಸ್ 10 ಮೆಷಿನ್ನಿಗೆ ವಿಂಡೋಸ್ ಅಡ್ಮಿನ್ ಸೆಂಟರ್ ಹಾಕಿಟ್ಟಿದ್ದೆ, ಅದು ಬ್ರೌಸರಲ್ಲಿ ತೆಗೆಯೋದು, ಸರ್ವರ್ ಜೊತೆ ಮಾತಾಡೋ ಕೆಲಸ ಎಲ್ಲಾ ಆ ಮೆಷಿನ್ನೇ ಮಾಡುತ್ತೆ. ಎರಡು ತಿಂಗಳು ಮನೇಲಿ ಕೂತು ಬ್ಯಾಕಪ್ ನೋಡಿದ್ದು, ಡಿಸ್ಕ್ ತುಂಬಿದಾಗ ಜಾಗ ಮಾಡಿದ್ದು ಎಲ್ಲಾ ಅದರಿಂದಲೇ. ಜೂನಲ್ಲಿ ಒಂದು ಭಾನುವಾರ ಹೋಗಿ ಮೆಷಿನ್‌ಗಳನ್ನ ಆಫ್ ಮಾಡಿ 9.0ಗೆ ಎತ್ತಿದೆ.

ಇದು ಹೈಪರ್-ವಿ ಒಂದರದೇ ಕಥೆ ಅಂದ್ಕೋಬೇಡಿ. ಬೆಂಗಳೂರಲ್ಲಿರೋ ನನ್ನ ಗೆಳೆಯ ವಿಎಂವೇರ್ ನೋಡ್ಕೊಳ್ಳೋನು, ಅದು ಹೈಪರ್-ವಿ ಥರದ್ದೇ ಬೇರೆ ಕಂಪನಿಯದ್ದು. ಅವನಿಗೆ ವಿಂಡೋಸಲ್ಲಿ ಇನ್‌ಸ್ಟಾಲ್ ಮಾಡೋ ಹಳೇ ವಿಸ್ಫಿಯರ್ ಕ್ಲೈಂಟ್ ಕೈಗೆ ಕೂತಿತ್ತು, ವಿಸ್ಫಿಯರ್ 6.5ರಿಂದ ಅದು ಓಡೋದು ನಿಂತು ಬ್ರೌಸರ್ ಒಂದೇ ಗತಿ ಆಯ್ತು, ಆ ಬ್ರೌಸರ್ ಕ್ಲೈಂಟು ಫ್ಲ್ಯಾಶ್ ಅನ್ನೋ ಹಳೇ ಬ್ರೌಸರ್ ಪ್ಲಗಿನ್ ಮೇಲೆ ನಿಂತಿತ್ತು. 2020ರ ಕೊನೆಗೆ ಫ್ಲ್ಯಾಶಿಗೇ ವಿದಾಯ ಹೇಳಿದ್ರು, 2021ರ ಜನವರಿ 12ರಿಂದ ಫ್ಲ್ಯಾಶ್ ತಾನಾಗೇ ಓಡೋದು ನಿಲ್ಲಿಸ್ತು. 6.7 ಅಪ್‌ಡೇಟ್ 1ಕ್ಕೆ ಮೊದಲೇ ಹೋಗಿದ್ದೋರು ಎಚ್‌ಟಿಎಂಎಲ್5 ಕ್ಲೈಂಟಲ್ಲಿ ಆರಾಮಾಗಿದ್ರು, 6.5ರಲ್ಲೇ ಇದ್ದ ಇವನಿಗೆ ಕೆಲವು ಕೆಲಸಕ್ಕೆ ಪುಟಾನೇ ಸಿಗ್ತಿರ್ಲಿಲ್ಲ. ಹೋಸ್ಟ್ ಒಂದೊಂದಕ್ಕೂ ನೇರ ಹೋಗೋ ಹೋಸ್ಟ್ ಕ್ಲೈಂಟಿಂದ ಕೆಲಸ ಸಾಗಿಸ್ದ, ಅದು ಇಎಸ್‌ಎಕ್ಸ್‌ಐ (ಹೋಸ್ಟಲ್ಲಿ ಹಾಕಿರೋ ವಿಎಂವೇರ್ ಸಾಫ್ಟ್‌ವೇರು) ಒಳಗೇ ಇರೋದು, ಫ್ಲ್ಯಾಶ್ ಬೇಡ.

ಸರ್ವರ್ ಬೋರ್ಡಲ್ಲಿರೋ ರಿಮೋಟ್ ಕಾರ್ಡುಗಳದ್ದು (ವಿಂಡೋಸ್ ಬೂಟ್ ಆಗ್ದಿದ್ರೂ ಸರ್ವರಿನ ಪರದೆ ದೂರದಿಂದ ತೋರ್ಸೋವು) ಇನ್ನೂ ಬೇಜಾರು. ಹಳೇ ಕಾರ್ಡುಗಳ ಕನ್ಸೋಲ್ ತೆಗೆಯಕ್ಕೆ ಬ್ರೌಸರಲ್ಲಿ ಜಾವಾ ಪ್ಲಗಿನ್ ಬೇಕು, ಕ್ರೋಮ್ 2015ರಲ್ಲೇ ಆ ಥರದ ಪ್ಲಗಿನ್ ತೆಗೆದುಹಾಕ್ತು, ಫೈರ್‌ಫಾಕ್ಸ್ 2017ರಲ್ಲಿ. ಅಂದ್ರೆ ಇಲ್ಲಿ ಹೊಸ ಕಂಪ್ಯೂಟರೇ ಕೆಲಸಕ್ಕೆ ಬರಲ್ಲ, ಹಳೇದೇ ಬೇಕು. ನನ್ನ ಆ ಕೋರ್ 2 ಡ್ಯುಯೋ ಇವತ್ತಿಗೂ ಬೀರುವಿನಲ್ಲಿದೆ, ಅದಕ್ಕೆ ವಾಪಸ್ ವಿಂಡೋಸ್ 7, ಹಳೇ ಬ್ರೌಸರು, ಹಳೇ ಜಾವಾ ಹಾಕಿಟ್ಟಿದೀನಿ, ವೈಫೈ ಕಾರ್ಡ್ ಬಿಚ್ಚಿಬಿಟ್ಟಿದೀನಿ. ಅಂಥ ಸರ್ವರ್ ಇರೋ ಕಡೆ ಹೋದ್ರೆ ಒಂದು ಕೇಬಲ್ ತಗೊಂಡು ನೇರ ಆ ಕಾರ್ಡಿಗೇ ಸಿಗಿಸೋದು, ಬೇರೆ ಯಾವ ನೆಟ್‌ವರ್ಕಿಗೂ ಅದನ್ನ ಬಿಡಲ್ಲ.

ಈಗ ನಾನು ಹೊಸದಾಗಿ ಎಲ್ಲೇ ಸರ್ವರ್ ಹಾಕಿದ್ರೂ ಕೊಟೇಶನಲ್ಲೇ ಅಡ್ಮಿನ್ ಕಂಪ್ಯೂಟರ್ ಅಂತ ಒಂದು ಸಾಲು ಸೇರಿಸ್ತೀನಿ. ಸರ್ವರಿಗೆ ಲಕ್ಷಗಟ್ಟಲೆ ಕೊಡೋರು ಈ ಸಾಲಿಗೆ ಮುಖ ಸಿಂಡರಿಸ್ತಾರೆ, ಇರೋದ್ರಲ್ಲೇ ಮಾಡ್ಕೊಳ್ಳಿ ಸಾರ್ ಅಂತಾರೆ. ನಾನು ಕೂತ್ಕೊಂಡು ಮಂಡಿ ಕಥೆ ಹೇಳ್ತೀನಿ. ಕೆಲವ್ರು ಸರ್ವರ್ ಒಳಗೇ ಒಂದು ವರ್ಚುವಲ್ ಮೆಷಿನ್ ಮಾಡಿ ಅಲ್ಲಿಂದ ನೋಡ್ಕೊಳ್ಳಿ ಅಂತ ಸಲಹೆ ಕೊಡ್ತಾರೆ, ವರ್ಷನ್ ಹೊಂದಿಸಕ್ಕೆ ಅದು ಸುಲಭ ನಿಜ, ನಾನೂ ಮಾಡ್ತೀನಿ, ಆದ್ರೆ ಹೋಸ್ಟ್ ಮಲಗಿದ ದಿನ ಅದೂ ಜೊತೆಗೇ ಮಲಗುತ್ತೆ, ಹಂಗಾಗಿ ಹೊರಗಡೆ ಒಂದು ನಿಜವಾದ ಮೆಷಿನ್ ಇರ್ಲೇಬೇಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟೂ ಮುಗೀತು, ನಮ್ಮ ಕಡೆ ಆಫೀಸುಗಳಲ್ಲಿರೋ ಎಷ್ಟೋ ಮೆಷಿನ್ ಎಸ್‌ಪಿ ರೋಡಲ್ಲಿ ಜೋಡಿಸಿ ತಂದ ಆರನೇ ಏಳನೇ ಜನರೇಷನ್ನಿನವು, ಅವು 11ರ ಲಿಸ್ಟಲ್ಲಿಲ್ಲ. ಈ ಅಡ್ಮಿನ್ ಕಂಪ್ಯೂಟರ್ ಮಾತು ಮತ್ತೆ ಮತ್ತೆ ಬರುತ್ತೆ, ನಾನೂ ಮತ್ತೆ ಮತ್ತೆ ಹೇಳ್ತೀನಿ.

ಆ ಹುಡುಗನಿಗೆ ಅವತ್ತು ರಾತ್ರಿ ಫೋನಲ್ಲೇ ಟ್ರಸ್ಟೆಡ್ ಹೋಸ್ಟ್ಸ್ ಹೇಳ್ಕೊಟ್ಟು ಸೆಷನ್ ತೆಗೆಸ್ದೆ. ಹತ್ತೂವರೆಗೆ ವಾಟ್ಸಾಪಲ್ಲಿ ಪರದೆಯ ಫೋಟೋ ಬಂತು, ನಾಲ್ಕು ಮೆಷಿನ್ನು, ನಾಲ್ಕೂ ರನ್ನಿಂಗ್, ಒಂದರ ಅಪ್‌ಟೈಮ್ 212 ದಿನ. ಕೆಳಗೆ "ಅಣ್ಣಾ ಬಂತು" ಅಂತ ಬರ್ದಿದ್ದ. ಮರುದಿನ ಅವರ ಸಾರ್ ಹತ್ರ ಮಾತಾಡಿ ಒಂದು ಮೆಷಿನ್ ತರಿಸ್ತಿದಾರಂತೆ, ಯಾವುದು ತಗೊಳ್ಲಿ ಅಂತ ಕೇಳ್ದ. 11 ಇರ್ಲಿ, ದುಡ್ಡು ಕೊಡೋ ಮುಂಚೆ ಪ್ರೊ ಇದೆಯಾ ಹೋಮ್ ಇದೆಯಾ ನೋಡ್ಕೋ ಅಂದೆ. ಆ 212 ದಿನ ರೀಸ್ಟಾರ್ಟ್ ಆಗ್ದೇ ಇರೋ ಮೆಷಿನ್ನಿಗೆ ಅಪ್‌ಡೇಟ್ ಯಾವಾಗ ಹಾಕೋದು ಅಂತ ಈ ಭಾನುವಾರ ಕೂತು ನೋಡೋಣ ಅಂತ ಹೇಳಿದೀನಿ.